ಚಳಿಗೆ ಬಿಟ್ಟ ಉಪಕರಣ

ಕಚೇರಿಯಲ್ಲಿ ಎಲ್ಲರೂ ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಸೂರ್ಯನಿಂದ ಬಹುದೂರ ಸಾಗಿಹೋದ ಹಳೆಯ ನೌಕೆಯೊಂದರ ಜೊತೆ ಮಾತುಕತೆ ಉಳಿಸಿಕೊಳ್ಳುವುದು ಅವರ ಕೆಲಸ. ನೌಕೆಯ ವಿದ್ಯುತ್ತು ವರ್ಷ ವರ್ಷವೂ ಇಳಿಯುತ್ತಿತ್ತು. ಅದರ ದನಿ ಉಳಿಯಬೇಕಾದರೆ ಅದರೊಳಗಿನ ಬೇರೆ ಏನನ್ನಾದರೂ ಆಫ್ ಮಾಡಲೇಬೇಕಿತ್ತು. ಈ ಸಲದ ಸರದಿ, ದೊಡ್ಡಮ್ಮ ಹರೆಯದಲ್ಲಿ ಕೈಯಾರೆ ಬೆಸುಗೆ ಹಾಕಿ ಕಟ್ಟಿದ್ದ, ಕಣಗಳನ್ನು ಎಣಿಸುವ ಉಪಕರಣದ್ದು. ಅದನ್ನು ಹೇಳಲಾರದೆ ಹುಡುಗರು ಚಹಾ ಲೋಟ ನೋಡುತ್ತಾ ಕೂತರು.

"ಯಾಕ್ರಪ್ಪ ಮುಖ ಸಣ್ಣ ಮಾಡ್ಕೊಂಡಿದೀರಿ? ನನ್ನದನ್ನೇ ಆಫ್ ಮಾಡೋಣ. ಆದ್ರೆ ಮೊದಲು ಅದರ ಹೀಟರ್ ಮಾತ್ರ. ಈ ವರ್ಷಕ್ಕೆ ಅಷ್ಟು ಕರೆಂಟ್ ಉಳಿದ್ರೆ ಸಾಕು."

"ಅಂಥ ಚಳಿ ತಡೆಯೋ ಹಾಗೆ ಅದನ್ನ ಕಟ್ಟೇ ಇಲ್ವಲ್ಲ, ದೊಡ್ಡಮ್ಮ?" ಎಂದನೊಬ್ಬ.

"ಅದಕ್ಕೆ ಆ ವಿಷಯ ಗೊತ್ತಿಲ್ಲ. ನೀನು ಹೇಳೋಕೆ ಹೋಗ್ಬೇಡ."

ಆದೇಶ ಹೋಗಿ ಉತ್ತರ ಬರಲು ಎರಡು ದಿನ ಬೇಕಿತ್ತು. ಅಷ್ಟೂ ಹೊತ್ತು ದೊಡ್ಡಮ್ಮನಿಗೆ ಊಟ ರುಚಿಸಲಿಲ್ಲ. ಗಂಡ ಶಾಲು ಹೊದಿಸಲು ಬಂದರೆ, "ನಂಗೇನೂ ಬೇಡ" ಎಂದು ಸರಿಸಿದರು.

ಕೊನೆಗೆ ಪರದೆಯ ಮೇಲೆ ಅಂಕಿಗಳು ಒಂದೊಂದಾಗಿ ಇಳಿದವು. ಎಣಿಕೆ ನಿಂತಿರಲಿಲ್ಲ.

"ನಿಮ್ಮ ಥರಾನೇ, ದೊಡ್ಡಮ್ಮ! ನಿವೃತ್ತಿ ಅಂದ್ರೆ ಕಿವಿಗೇ ಹಾಕ್ಕೊಳಲ್ಲ," ಎಂದು ಪಕ್ಕದ ಹುಡುಗಿ ಕೆಣಕಿದಳು.

ದೊಡ್ಡಮ್ಮ ಕಣ್ಣೊರೆಸಿಕೊಳ್ಳುತ್ತಾ ಗದರಿದರು: "ಸುಮ್ನಿರೇ, ಎಣಿಸ್ತಾ ಇದೆ. ಲೆಕ್ಕ ತಪ್ಪೀತು."