ಹಗ್ಗದ ಕೊನೆಯಾಳು

ಸಾಲ್ವೋರಳಿಗೆ ಏಳು ವರ್ಷವಿದ್ದಾಗ ಅವಳ ಅಪ್ಪ ಹಳೇ ಪೀಪಾಯಿಯ ಹಲಗೆ ಬಿಚ್ಚಿ ಅವಳ ಕಾಲಿಗೆ ಕಟ್ಟಿ, ತಪ್ಪಿಸಿಕೊಂಡ ಟಗರನ್ನು ಹುಡುಕಿಕೊಂಡು ಬಾ ಎಂದು ಹಿಮದ ಮೇಲಕ್ಕೆ ಅಟ್ಟಿದ್ದ. ಟಗರಂತೂ ಸಿಗಲಿಲ್ಲ, ಜಾರುವ ಹುಚ್ಚು ಹಿಡಿದುಕೊಂಡು ವಾಪಸ್ಸು ಬಂದೆ ಎಂದು ಅವಳೇ ಹೇಳಿಕೊಂಡು ನಗುತ್ತಾಳೆ. ಯೋಕುಲ್ ಎಂದು ನಾವೆಲ್ಲ ಕರೆಯುವ ಹಿಮದ ಹಾಸಿನ ದಕ್ಷಿಣದ ಬುಡದಲ್ಲಿ, ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದವಳು. ಮದುವೆಯಾದಳು, ಮೀನು ಹಿಡಿಯಹೋದ ಗಂಡನನ್ನು ಕಡಲಿಗೆ ಕಳೆದುಕೊಂಡಳು, ಕುರಿಗಳನ್ನೂ ಮಾರಿದಳು. ಹಿಮವನ್ನು ಮಾತ್ರ ಬಿಡಲಿಲ್ಲ. ಈಗ ಅರವತ್ತೊಂದು. ಬೆನ್ನು ಇನ್ನೂ ಸೆಟೆದುಕೊಂಡೇ ಇದೆ.

ಇಪ್ಪತ್ತೆರಡು ವರ್ಷದಿಂದ ಪ್ರತಿ ಮೇ ತಿಂಗಳು ನಾಲ್ಕೈದು ಜನರ ಕಾಲಿಗೆ ಜಾರುವ ಸ್ಕೀ ಹಲಗೆ ಕಟ್ಟಿಸಿ, ಅವರ ಸಾಮಾನನ್ನು ಜಾರುಬಂಡಿಗಳಲ್ಲಿ ಎಳೆಸಿಕೊಂಡು, ಏಳು ದಿನದಲ್ಲಿ ಯೋಕುಲನ್ನು ಉತ್ತರದಿಂದ ದಕ್ಷಿಣಕ್ಕೆ ದಾಟಿಸುವುದು ಅವಳ ಕಸುಬು. ಅಷ್ಟೂ ವರ್ಷ ಜೊತೆಗಿದ್ದವನು ಟೊರ್ಫಿ. ಪಕ್ಕದ ಮನೆಯವನು, ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವನು, ಚಳಿಗಾಲದಲ್ಲಿ ಬಸ್ಸು ಓಡಿಸುವವನು. ಅವನಿದ್ದ ಕಡೆ ನಗೆಗೆ ಬರವಿರಲಿಲ್ಲ. ಈ ಸಲ ಬಂದಿದ್ದ ಮುದಿ ಜರ್ಮನ್ ಮೇಷ್ಟ್ರು ಒಣಮೀನನ್ನು ಅಗಿದೂ ಅಗಿದೂ, ಇದು ಬೂಟಿನ ಅಟ್ಟೆಯ ಹಾಗಿದೆ ಎಂದು ಗೊಣಗಿದಾಗ ಟೊರ್ಫಿ ಬೆಣ್ಣೆಯ ಡಬ್ಬಿ ಅವರ ಮುಂದೆ ತಳ್ಳಿ, "ಬೆಣ್ಣೆ ಹಚ್ಚದೆ ತಿಂದ್ರೆ ಬೂಟಿನ ಅಟ್ಟೇನೂ ಹಾಗೇ ಇರತ್ತೆ ಮೇಷ್ಟ್ರೇ" ಎಂದಿದ್ದ.

ಹಿಮದ ಮೇಲಿನ ದಾರಿ ಕಣ್ಣಿಗೆ ಕಾಣುವಂಥದ್ದಲ್ಲ. ಅಡಿಯಲ್ಲಿ ಬಾವಿಯಷ್ಟು ಆಳದ ಬಿರುಕುಗಳಿರುತ್ತವೆ, ಅವುಗಳ ಮೇಲೆ ಹಿಮ ಸೇತುವೆ ಕಟ್ಟಿಕೊಂಡು ಏನೂ ಇಲ್ಲದ ಹಾಗೆ ಬಿದ್ದಿರುತ್ತದೆ. ಏಪ್ರಿಲ್ ಕೊನೆಯಲ್ಲಿ ಇವರಿಬ್ಬರೇ ಹೋಗಿ ಉದ್ದನೆಯ ಚುಚ್ಚುಗೋಲಿನಿಂದ ಒಂದೊಂದು ಸೇತುವೆಯನ್ನೂ ತಿವಿದು, ಭಾರ ತಡೆಯುವ ಜಾಗ ಗುರುತಿಸಿ ಬರುತ್ತಿದ್ದರು. ಬಿರುಕಿನ ಸೀಮೆಗಳಲ್ಲಿ ಎಲ್ಲರೂ ಒಂದೇ ಹಗ್ಗಕ್ಕೆ ಕಟ್ಟಿಕೊಳ್ಳುವುದು ಕ್ರಮ. ಮುಂದೆ ಸಾಲ್ವೋರ್, ನಡುವೆ ಪ್ರವಾಸಕ್ಕೆ ಬಂದವರು, ಕೊನೆಗೆ ಟೊರ್ಫಿ. ಮುಂದಿನವರು ಬಿದ್ದರೆ ಹಿಮದಲ್ಲಿ ಲಂಗರು ನೆಟ್ಟು, ಭಾರ ತಡೆದು, ಮೇಲಕ್ಕೆ ಎಳೆಯಬೇಕಾದವನು ಕೊನೆಯಾಳು. ಆ ಜಾಗಕ್ಕೆ ಯಾರನ್ನು ಬೇಕಾದರೂ ನಿಲ್ಲಿಸುವುದಿಲ್ಲ.

ಅವರ ದಾರಿಯಲ್ಲಿ ಒಂದು ಬಳಸು ಇತ್ತು. ಮೂರನೇ ವರ್ಷ ಟೊರ್ಫಿ ಹಟ ಮಾಡಿ ಮುಂದಾಳಾಗಿ ನಡೆದು, ನಾಲ್ಕನೇ ದಿನ ತಂಗುಮನೆ ಇನ್ನೇನು ಸಿಗಬೇಕು ಅನ್ನುವಾಗ ಬಿರುಕಿಗೆ ಬಿದ್ದಿದ್ದ. ನಲವತ್ತು ನಿಮಿಷ ಸಾಲ್ವೋರ್ ಹಗ್ಗ ಹಿಡಿದು ಕೂತು, ಅವನನ್ನು ಮೇಲಕ್ಕೆ ಎಳೆದಿದ್ದಳು. ಅಲ್ಲಿಂದ ಮುಂದೆ ಅವರ ದಾರಿ ಆ ಜಾಗದಲ್ಲಿ ಕುಡುಗೋಲಿನಂತೆ ಎಡಕ್ಕೆ ಬಾಗಿ ಅರ್ಧ ಕಿಲೋಮೀಟರು ಸುತ್ತಿ ಮತ್ತೆ ನೇರವಾಗುತ್ತಿತ್ತು. ಬಿರುಕು ಹಿಮದೊಂದಿಗೆ ಸರಿದು ಮುಚ್ಚಿಹೋಗಿ ಹನ್ನೊಂದು ವರ್ಷವಾಗಿದೆ. ತಾನೇ ತಿವಿದು ನೋಡಿ ಅವನಿಗೆ ಹೇಳಿದ್ದಳು. "ಸುತ್ತಿಕೊಂಡೇ ಹೋಗೋಣ ಕಣೇ, ನನ್ನ ಕಾಲಿನ ಲೆಕ್ಕದಲ್ಲಿ ಅದಿನ್ನೂ ಮುಚ್ಚಿಲ್ಲ" ಅಂದಿದ್ದ. ಅವನಿಗಾಗಿ ಸುತ್ತಿದಳು. ಯಾಕೆ ಸುತ್ತುತ್ತೇವೆಂದು ಯಾರಿಗೂ ಹೇಳಿದವಳಲ್ಲ.

ಈ ವರ್ಷ ನಾಲ್ಕನೇ ದಿನ ಮಧ್ಯಾಹ್ನ ಹಿಮದ ಮೇಲೆ ಚಕ್ರದ ಗುರುತು ಕಂಡಿತು. ಹಿಮದ ಮೇಲೆ ಓಡಿಸುವ, ಸೊಂಟದೆತ್ತರದ ಟೈರುಗಳ ಜೀಪಿನದು. ವಾಹನಗಳ ದಾರಿ ಪಶ್ಚಿಮಕ್ಕೆ ದೂರದಲ್ಲಿದೆ. ಯಾರೋ ದಾರಿ ತಪ್ಪಿದವರಿರಬೇಕು ಎಂದುಕೊಂಡಳು. ಗುರುತು ಅವಳ ದಾರಿಯ ಮೇಲೇ ಸಾಗಿತು. ಒಂದು ಗಂಟೆಯಾದರೂ ಬಿಡಲಿಲ್ಲ. ಬಳಸಿನ ಜಾಗ ಬಂತು. ಅಲ್ಲಿ ಚಕ್ರಗಳೂ ಎಡಕ್ಕೆ ಹೊರಳಿ, ಅರ್ಧ ಕಿಲೋಮೀಟರು ಸುತ್ತಿ, ನೇರವಾಗಿದ್ದವು. ಅಂಗೈಯಂತೆ ಸಮವಾಗಿರುವ ಹಿಮದಲ್ಲಿ ಯಾವ ಚಾಲಕನೂ ಸುಮ್ಮನೆ ಹಾಗೆ ತಿರುಗಿಸುವುದಿಲ್ಲ.

ಸಾಲ್ವೋರ್ ನಿಂತಳು. ಈ ಬಳಸಿನ ಲೆಕ್ಕ ಇದ್ದದ್ದು ಇಬ್ಬರ ಬಳಿ ಮಾತ್ರ. ಹಗ್ಗ ಸಡಿಲಾಗಿ ಎಲ್ಲರೂ ನಿಂತರು. ಏನಾಯ್ತು ಎಂದು ಡೇನಿಶ್ ದಂಪತಿ ಕೇಳಿದರು, ಮೇಷ್ಟ್ರು ಕೇಳಿದರು, ಉತ್ತರದ ಅಕುರೇರಿ ಊರಿನಿಂದ ಬಂದ ನರ್ಸ್ ಇಂಗುನ್ ಕೇಳಿದಳು. ಅವಳು ನಿಂತಾಗಲೆಲ್ಲ ಮೊದಲು ಕೂಗಿ ಕೇಳುತ್ತಿದ್ದ ಟೊರ್ಫಿ ಮಾತ್ರ ಕೇಳಲಿಲ್ಲ.

ತಂಗುಮನೆ ಸೇರಿ, ಕುರಿಮಾಂಸದ ಸಾರು ಒಲೆಯ ಮೇಲಿಟ್ಟು, ಬಾಗಿಲ ಹಿಮ ಎತ್ತಬೇಕು ಬಾ ಎಂದು ಅವನನ್ನು ಹೊರಗೆ ಕರೆದಳು. ಬಿಸಿಲು ಇನ್ನೂ ಇತ್ತು. ಸಲಿಕೆ ಹಿಡಿದು ಇಬ್ಬರೂ ಹಿಮ ಎತ್ತತೊಡಗಿದರು.

"ಯಾವಾಗ ಕೊಟ್ಟೆ?" ಅಂದಳು.

ಅವನು ಸುತ್ತುಬಳಸಲಿಲ್ಲ. ಹೊಸ ಪ್ರವಾಸ ಕಂಪನಿಯವರು ಚಳಿಗಾಲದಲ್ಲಿ ಬಂದು ಕೇಳಿದ್ದರಂತೆ. ತನ್ನ ಮಂಡಿ ಎರಡೂ ಹೋಗಿವೆ, ಮುಂದಿನ ವರ್ಷದಿಂದ ಸ್ಕೀ ಕಟ್ಟಲು ಆಗುವುದಿಲ್ಲ ಎಂದ; ಅವರು ಜೀಪು ಓಡಿಸುವ ಕೆಲಸ ಕೊಡುತ್ತೇವೆ ಅಂದಿದ್ದರಂತೆ. ತನ್ನ ಜಿಪಿಎಸ್‌ನಲ್ಲಿದ್ದ ದಾರಿಯನ್ನು ಹಾಗೇ ಅವರದಕ್ಕೆ ಹಾಕಿಕೊಟ್ಟಿದ್ದ.

"ನಾನೂ ತಿವಿದ ದಾರಿ ತಾನೇ ಸಾಲ್ವೋರ್? ಇಪ್ಪತ್ತೆರಡು ವರ್ಷ ನಾನೇನು ನಿನ್ನ ಹಿಂದೆ ಬಾಲ ಆಡಿಸ್ಕೊಂಡು ಬಂದ್ನಾ?"

"ನಿಂದೂ ಹೌದು. ನಂಗೊಂದು ಮಾತು ಕೇಳಬೋದಿತ್ತು."

"ಕೇಳಿದ್ರೆ ಒಪ್ತಿದ್ಯಾ?"

"ಇಲ್ಲ."

"ಅದಕ್ಕೇ ಕೇಳಲಿಲ್ಲ."

ಮಂಡಿ ನೋವೆಂದು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಏಪ್ರಿಲ್ಲಿನಲ್ಲಿ ಜೊತೆಗೆ ಬಂದು ಒಂದೊಂದು ಸೇತುವೆಯನ್ನೂ ತಿವಿದು, ಈ ವರ್ಷ ಗಟ್ಟಿಯಾಗಿದೆ ಕಣೇ ಎಂದು ನಗುತ್ತಾ ಹೇಳಿದ್ದ. ಆಗಲೇ ಕೊಟ್ಟಾಗಿತ್ತು. ಬಿರುಕಿನಿಂದ ಎಳೆದದ್ದನ್ನು ಎತ್ತಿ ಆಡೋಣವೆಂದು ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಒಳಗೆ ಹೋಗಿ ಎಲ್ಲರಿಗೂ ಸಾರು ಬಡಿಸಿದಳು, ಅವನಿಗೂ.

ಐದನೇ ದಿನ ಇಳಿಜಾರು ಶುರು. ಯೋಕುಲಿನ ಅತಿ ಕೆಟ್ಟ ಬಿರುಕಿನ ಸೀಮೆ ಅದೇ. ಹಗ್ಗ ಕಟ್ಟಿಕೊಂಡು, ಎಂದಿನಂತೆ ಅವಳು ಮುಂದೆ, ಅವನು ಕೊನೆಗೆ, ದೊಡ್ಡ ಸೇತುವೆಯವರೆಗೆ ಬಂದರು. ಚಕ್ರದ ಗುರುತುಗಳು ಅಲ್ಲಿಗೂ ಬಂದಿದ್ದವು. ಸೇತುವೆಯ ಮಧ್ಯೆ ಎತ್ತಿನಗಾಡಿ ಇಳಿಯುವಷ್ಟು ತೂತು. ಜೀಪು ಮುಂದಿನ ಚಕ್ರ ಇಳಿಬಿದ್ದು, ಹೇಗೋ ಹಿಂದಕ್ಕೆ ಎಳೆದುಕೊಂಡು ವಾಪಸ್ಸು ಹೋಗಿತ್ತು. ತೂತಿನೊಳಗೆ ನೀಲಿ ಕತ್ತಲು. ಅಂಚಿನ ಹಿಮ ಇನ್ನೂ ಉದುರುತ್ತಲೇ ಇತ್ತು.

ಟೊರ್ಫಿ ಹಗ್ಗದ ಕೊನೆಯಿಂದಲೇ ಅದನ್ನು ಕಂಡ. ಜೀಪು ಇಲ್ಲಿಗೆ ತರಬೇಡಿ, ಇದು ಸ್ಕೀ ಭಾರ ಮಾತ್ರ ತಡೆಯುತ್ತದೆ ಎಂದು ತಾನು ಎರಡೆರಡು ಸಲ ಹೇಳಿದ್ದೆ ಎಂದು ಕೂಗಿದ. ಸಾಲ್ವೋರ್ ಬಿರುಕಿನ ಉದ್ದಕ್ಕೂ ಕಣ್ಣು ಹಾಯಿಸಿದಳು. ಇನ್ನು ಹೊಸ ದಾರಿ ತಿವಿಯಬೇಕು. ಯಾವ ಹೆಜ್ಜೆಯಲ್ಲಿ ಬೇಕಾದರೂ ಮುಂದಾಳು ಬೀಳಬಹುದು. ಮೋಡ ಬೇರೆ ಕೆಳಗಿಳಿಯುತ್ತಿತ್ತು.

ಎಲ್ಲರನ್ನೂ ಬಿರುಕಿಲ್ಲದ ಗಟ್ಟಿ ಹಿಮಕ್ಕೆ ವಾಪಸ್ಸು ಕರೆದುಕೊಂಡು ಬಂದು ಹಗ್ಗ ಬಿಚ್ಚಿಸಿದಳು. ಇಂಗುನ್ ತನ್ನ ಊರಿನ ರಕ್ಷಣಾ ದಳದಲ್ಲಿ ಒಂಬತ್ತು ವರ್ಷ ದುಡಿದವಳು, ಬಿರುಕಿನಿಂದ ಜನರನ್ನು ಎಳೆದು ಪಳಗಿದ ಕೈ. ಲಂಗರು ಎಷ್ಟು ಆಳ ನೆಡುತ್ತೀ, ರಾಟೆ ಹೇಗೆ ಕಟ್ಟುತ್ತೀ ಎಂದು ಅವಳನ್ನು ಕೇಳಿದಳು. ಇಂಗುನ್ ಹೇಳಿದಳಷ್ಟೇ ಅಲ್ಲ, ಕಟ್ಟಿಯೂ ತೋರಿಸಿದಳು. ಸಾಲ್ವೋರ್ ಹಗ್ಗದ ಕೊನೆಯನ್ನು ಅವಳ ಸೊಂಟಕ್ಕೆ ಬಿಗಿದಳು. ನಡುವಿನ ಕುಣಿಕೆಯೊಂದನ್ನು, ಮೇಷ್ಟ್ರಿಗೂ ಡೇನಿಶ್ ದಂಪತಿಗೂ ಮಧ್ಯದ್ದನ್ನು, ಟೊರ್ಫಿಯ ಕಡೆ ಹಿಡಿದಳು.

ಅವನು ಮುಟ್ಟಲಿಲ್ಲ. "ಬಂದವರ ಮಧ್ಯೆ ನಿಲ್ಲಿಸ್ತೀಯಾ ನನ್ನ?" ಅಂದ. ಆಮೇಲೆ ದನಿ ಇಳಿಸಿ, "ನೀನು ಬಿದ್ರೆ ನಾನು ಎಳೆಯಲ್ಲ ಅಂದ್ಕೊಂಡ್ಯಾ?"

"ಎಳೀತೀಯ, ಗೊತ್ತು. ನೀನು ಬಿದ್ರೂ ನಾನು ಎಳೀತೀನಿ, ಅದಕ್ಕೇನೂ ಅನುಮಾನ ಬೇಡ. ಆದ್ರೆ ಹಿಂದೆ ಯಾರಿದಾರೆ ಅಂತ ಯೋಚಿಸ್ಕೊಂಡು ನಂಗೆ ತಿವಿಯೋಕಾಗಲ್ಲ ಟೊರ್ಫಿ. ನಿನ್ನೆಯಿಂದ ಅದನ್ನೇ ಯೋಚಿಸ್ತಿದೀನಿ."

ಮೇಷ್ಟ್ರು ಸ್ಕೀ ನೋಡಿಕೊಳ್ಳುವ ನೆಪ ಮಾಡಿ ತಲೆ ತಗ್ಗಿಸಿದರು. ಟೊರ್ಫಿ ಕೈಗವುಸು ತೆಗೆದು, ಕುಣಿಕೆಯನ್ನು ತನ್ನ ಸೊಂಟಕ್ಕೆ ತಾನೇ ಹಾಕಿಕೊಂಡು, ನಡುವೆ ಹೋಗಿ ನಿಂತ.

ಹಗ್ಗ ಬಿಗಿಯಾಯಿತು. ಸಾಲ್ವೋರ್ ಚುಚ್ಚುಗೋಲನ್ನು ಹಿಮಕ್ಕೆ ಇಳಿಸಿದಳು. ತಡೆಯಿತು. ಒಂದು ಹೆಜ್ಜೆ ಇಟ್ಟಳು. ಮತ್ತೆ ತಿವಿದಳು.