ಹುಣಸೆಹುಳಿಯಲ್ಲಿ ಮಿಂದ ಬೆಳ್ಳಿ ರೂಪಾಯಿ

ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಮಾವಳ್ಳಿಯ ನಮ್ಮ ಮನೆಯಲ್ಲಿ ಬಚ್ಚಲ ಹಂಡೆಯ ಜೊತೆಗೆ ಒಂದು ಬೆಳ್ಳಿ ರೂಪಾಯಿಗೂ ಸ್ನಾನ. ಹುಣಸೆಹುಳಿ, ಒಲೆಯ ಬೂದಿ, ತೆಂಗಿನ ನಾರು. ಅಮ್ಮ ಉಜ್ಜುವ ರಭಸಕ್ಕೆ ನಾಣ್ಯದ ಮೇಲಿನ ಇಂಗ್ಲೆಂಡ್ ರಾಜನ ಗಡ್ಡ ಅರ್ಧ ಸವೆದಿತ್ತು. ಲಕ್ಷ್ಮೀಪೂಜೆಗೆ ಅದು ದೇವರ ಮುಂದೆ ಬರಬೇಕು, ಬರುವಾಗ ಹೊಳೆಯಬೇಕು. ಮೀನಿನ ಬುಟ್ಟಿ ಹೊತ್ತು ಊರೂರು ತಿರುಗಿದ ಅಜ್ಜಿ ಅಮ್ಮನ ಮದುವೆಗೆ ಕೊಟ್ಟದ್ದು ಅದೊಂದೇ.

ನನಗೋ ನಾಣ್ಯದ ಹುಚ್ಚು. ಭಟ್ಕಳದಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಗಲ್ಫಿನಲ್ಲಿ ದುಡಿಯುವವರ ಮನೆಯ ಹೆಂಗಸರು ಬಟ್ಟೆ ಕೊಡಲು ಬಂದಾಗ ಪರ್ಸಿನ ಮೂಲೆಯಲ್ಲಿ ಉಳಿದ ದಿರ್ಹಮ್, ರಿಯಾಲ್ ಚಿಲ್ಲರೆಯನ್ನು ನನ್ನ ಕೈಗೆ ಹಾಕಿ ಹೋಗುತ್ತಾರೆ. ಶುರುವಾದದ್ದು ಹಾಗೆ. ಸಂಗ್ರಹಿಸುವವರಿಗೆ ಹಳೆಯ ನಾಣ್ಯದ ಮೇಲಿನ ಕಪ್ಪೇ ಶೋಭೆ; ನಾನಂತೂ ಅಂಚು ಹಿಡಿದೇ ಎತ್ತುವವಳು. "ತೊಳೀಬೇಡ ಅಮ್ಮಾ, ಬೆಲೆ ಹೋಗ್ತದೆ" ಅಂದರೆ, "ಮಾರೂಕೆ ಹೊರಟವರು ಯಾರು?" ಎಂದು ಇನ್ನಷ್ಟು ಜೋರಾಗಿ ಉಜ್ಜುತ್ತಿದ್ದಳು.

ಕಳೆದ ವರ್ಷ ಕುಮಟೆಯಲ್ಲಿ ನಾಣ್ಯ ಪ್ರದರ್ಶನವಿತ್ತು. ಅಮ್ಮನೂ ರೂಪಾಯಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಅಲ್ಲೊಬ್ಬ ನಾಣ್ಯದ ವ್ಯಾಪಾರಿ. ನಮ್ಮ ಕಡೆಯವರಿಗೆಲ್ಲ ಅವನ ಮಾತೇ ಕೊನೆ. ಅಮ್ಮ ಅಂಗೈಯಲ್ಲಿ ಹಿಡಿದ ನಾಣ್ಯವನ್ನು ಮುಟ್ಟಿ ಕೂಡ ನೋಡದೆ, "ಹಳೇದು ಇಷ್ಟು ಹೊಳೆಯೂದಿಲ್ಲ ಅಮ್ಮಾ. ಇದು ಡೂಪ್ಲಿಕೇಟ್" ಎಂದುಬಿಟ್ಟ. ಸುತ್ತ ನಿಂತವರು ನಕ್ಕರು.

ಬರುವಾಗ ಹೊನ್ನಾವರದ ಶರಾವತಿ ಸೇತುವೆಯ ಮೇಲೆ ಬಸ್ಸಿನ ಕಿಟಕಿಯಿಂದ ಯಾರೋ ಹೊಳೆಗೆ ನಾಣ್ಯ ಎಸೆದು ಕೈಮುಗಿದರು. ಅಮ್ಮನೂ ಸೆರಗಿನ ಗಂಟು ಬಿಚ್ಚಿದಳು. ನಾನು ಗಾಬರಿಯಿಂದ ಕೈ ಹಿಡಿದುಕೊಂಡೆ. "ಹೆದರಬೇಡ. ಖೋಟಾ ಆದ್ರೆ ಹೊಳೆಗೆ ಹಾಕೂಕೂ ಆಗುದಿಲ್ಲ" ಎಂದಳು.

ಆ ದೀಪಾವಳಿಗೆ ರೂಪಾಯಿ ಅಕ್ಕಿ ಡಬ್ಬದೊಳಗೇ ಉಳಿಯಿತು. ಲಕ್ಷ್ಮಿಯ ಮುಂದೆ ಸುಳ್ಳು ಇಡುವುದು ಹೇಗೆ? ಬಿಸಿಲಲ್ಲಿ ತಿರುಗಿದ ಅಜ್ಜಿಗೆ ಯಾರಾದರೂ ಖೋಟಾ ಕೊಟ್ಟು ಮೋಸ ಮಾಡಿದ್ದರೇ? ಅಮ್ಮನಿಗೆ ಅದೇ ಕೊರಗು. ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ.

ಅದೇ ಸಿಟ್ಟಿನಲ್ಲಿ ನಾಣ್ಯವನ್ನು ದರ್ಜೆಯ ಪರೀಕ್ಷೆಗೆ ಕಳಿಸಿದೆ. ಇದಕ್ಕೆಂದೇ ಸಂಸ್ಥೆಗಳಿವೆ. ತೂಕ, ಲೋಹ, ಅಚ್ಚು ಎಲ್ಲ ನೋಡಿ, ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಭದ್ರವಾಗಿ ಮುಚ್ಚಿ, ಒಳಗೊಂದು ಚೀಟಿ ಇಟ್ಟು ಕಳಿಸುತ್ತಾರೆ. ಉಜ್ಜಿದ ನಾಣ್ಯಕ್ಕೆ ಅಂಕವಿಲ್ಲ. ಅಸಲಿಯೋ ಅಲ್ಲವೋ ಎಂದಷ್ಟೇ ಹೇಳುತ್ತಾರೆ. ನನಗೆ ಬೇಕಾದದ್ದೂ ಅಷ್ಟೇ.

ಡಬ್ಬಿ ಬಂತು. ಚೀಟಿಯಲ್ಲಿದ್ದದ್ದು ಎರಡೇ ಮಾತು: ಅಸಲಿ ನಾಣ್ಯ, ತೊಳೆದಿದ್ದಾರೆ. ಓದಿ ಹೇಳಿದೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಎರಡೂ ಖರೆಯೇ ಅಲ್ದಾ?" ಎಂದಳು.

ಮುಂದಿನ ಪ್ರದರ್ಶನಕ್ಕೆ ನನಗಿಂತ ಮೊದಲು ಸೀರೆ ಉಟ್ಟು ನಿಂತವಳು ಅವಳೇ. ವ್ಯಾಪಾರಿಯ ಮೇಜಿನ ಮೇಲೆ ಡಬ್ಬಿ ಇಟ್ಟು, "ಓದು ತಮಾ, ಎಲ್ಲರಿಗೂ ಕೇಳೂ ಹಂಗೆ" ಎಂದಳು. 'ಅಸಲಿ' ಎನ್ನುವಾಗ ಅವನ ದನಿ ಇಳಿಯಿತು. ಆಮೇಲೆ ಏನೋ ಸಿಕ್ಕವನಂತೆ, "ಆದ್ರೆ ತೊಳೆದು ಹಾಳು ಮಾಡಿದ್ರಿ, ಅಂಕವೇ ಇಲ್ಲ" ಎಂದ.

"ಅಂಕ ಎಂತಕ್ಕೆ? ಲಕ್ಷ್ಮಿ ಎದುರಿಗೆ ಕೊಳಕು ಇಡುದಾ?"

ಈ ಸಲ ಜನ ನಕ್ಕದ್ದು ಅವನನ್ನು ನೋಡಿ. ಅವನು ಎದ್ದು ನಿಂತು, "ತಪ್ಪಾತು ಅಮ್ಮಾ" ಎಂದ. ನಾನು ಶಿಳ್ಳೆ ಹೊಡೆಯುವುದೊಂದು ಬಾಕಿ. ಅಷ್ಟು ಹೆಮ್ಮೆ ನನಗೆ ನನ್ನ ಇಡೀ ಸಂಗ್ರಹದಿಂದಲೂ ಆಗಿರಲಿಲ್ಲ.

ಈ ವರ್ಷ ನೀರು ತುಂಬುವ ಹಬ್ಬದ ದಿನ ಅಮ್ಮ ಬಚ್ಚಲ ಬಾಗಿಲಲ್ಲಿ ಡಬ್ಬಿ ತಿರುಗಿಸಿ ತಿರುಗಿಸಿ ನೋಡುತ್ತ ಕೂತಿದ್ದಳು. "ಇದರೊಳಗೆ ಇದ್ರೆ ತೊಳುದು ಹೆಂಗೆ ತಂಗಿ?" ಎಂದು ನನ್ನನ್ನು ಕೇಳಿದಳು.

ಒಡೆದರೆ ಆ ಪರೀಕ್ಷೆಗೆ ಬೆಲೆಯಿಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರು ಆ ಮನೆಯಲ್ಲಿ ಇರಲಿಲ್ಲ. ಡಬ್ಬಿಯನ್ನು ಒರಳಿನ ಅಂಚಿಗಿಟ್ಟು ಒಂದೇ ಏಟಿಗೆ ಒಡೆದೆ. ಚೀಟಿಯನ್ನು ನಾನಿಟ್ಟುಕೊಂಡು ರೂಪಾಯಿಯನ್ನು ಅವಳ ಅಂಗೈಗೆ ಹಾಕಿದೆ. ಹುಣಸೆಹುಳಿ ನೆನೆಹಾಕಿದವಳೂ ನಾನೇ.