ಮೂರನೆಯ ಪತ್ರಕ್ಕೆ ಕಾರಣ

ನಮ್ಮ ಬ್ಯಾಂಕಿನಲ್ಲಿ ಯಾರಿಗಾದರೂ ಬಡ್ತಿ ಬಂದರೆ ಮೊದಲು ಸಿಹಿ ಹಂಚುತ್ತಾರೆ, ಆಮೇಲೆ ಯಾವ ಊರು ಎಂದು ಕೇಳುತ್ತಾರೆ. ಊರಿನ ಹೆಸರು ತಿಳಿದ ಮೇಲೆ ಗಂಡಸರು ಸೂಟ್‌ಕೇಸ್ ಹುಡುಕುತ್ತಾರೆ, ಹೆಂಗಸರು ಬಿಳಿ ಹಾಳೆ ಹುಡುಕುತ್ತೇವೆ. ಆ ಹಾಳೆಯಲ್ಲಿ ಬರೆಯುವುದು ಇಷ್ಟೇ: ನನಗೆ ಈ ಬಡ್ತಿ ಬೇಡ, ಕಾರಣ ಇಂಥದ್ದು, ದಯವಿಟ್ಟು ಈಗಿರುವ ಜಾಗದಲ್ಲೇ ಮುಂದುವರಿಸಬೇಕು. ಜಯನಗರದ ನಮ್ಮ ಶಾಖೆಯಲ್ಲಿ ನಾನು ಕಂಡಂತೆ ಇಂಥ ಪತ್ರ ಕೊಟ್ಟ ಹೆಂಗಸರು ಐದಾರು ಜನ. ಎರಡು ಸಲ ಕೊಟ್ಟವಳು ನಾನೊಬ್ಬಳೇ.

ಎರಡೂ ಪತ್ರ ಬರೆದವರು ನನ್ನ ಗಂಡ. ಅವರ ಇಂಗ್ಲಿಷ್ ಚೆನ್ನಾಗಿದೆ, ಅದರ ಬಗ್ಗೆ ಅವರಿಗೆ ಸಣ್ಣ ಜಂಬವೂ ಇದೆ. ನಮ್ಮ ಬೀದಿಯ ಅರ್ಧ ಜನರ ಅರ್ಜಿ, ತಕರಾರು, ರಾಜೀನಾಮೆ ಎಲ್ಲ ಅವರ ಕೈಯಲ್ಲೇ ತಿದ್ದಿಸಿಕೊಂಡು ಹೋಗಿವೆ. ನನ್ನನ್ನು ನಾಗಪುರಕ್ಕೆ ಹಾಕಿದಾಗ ಮಗಳು ಎಲ್‌ಕೆಜಿಯಲ್ಲಿದ್ದಳು. ಲಕ್ನೋಗೆ ಹಾಕಿದಾಗ ಮಾವನವರು ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಎರಡು ಕಾರಣಗಳೂ ಸುಳ್ಳಲ್ಲ. ನಾನು ಕೆಳಗೆ ಸಹಿ ಹಾಕಿ, ಎಷ್ಟು ಚೆನ್ನಾಗಿ ಬರೆದಿದ್ದೀರಿ ಎಂದು ಹೊಗಳಿಯೂ ಇದ್ದೆ.

ಒಂದು ಸಲ ಬೇಡವೆಂದವರನ್ನು ಬ್ಯಾಂಕು ಕೆಲವು ವರ್ಷ ಮತ್ತೆ ಕೇಳುವುದಿಲ್ಲ. ಆ ವರ್ಷಗಳಲ್ಲಿ ನಾನೇ ಕೆಲಸ ಕಲಿಸಿದ್ದ ಹುಡುಗಿಯೊಬ್ಬಳು ನನ್ನ ಮ್ಯಾನೇಜರ್ ಆಗಿ ಬಂದಳು. ಒಳ್ಳೆಯವಳು, ಇವತ್ತಿಗೂ ನನ್ನನ್ನು ಮೇಡಂ ಎಂದೇ ಕರೆಯುತ್ತಾಳೆ. ಅವಳು ಹಾಗೆ ಕರೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಅದನ್ನು ಮುಚ್ಚಿಟ್ಟುಕೊಂಡು ದೊಡ್ಡ ಮನಸ್ಸಿನವಳೆನಿಸಿಕೊಳ್ಳುವ ಆಸೆ ನನಗಿಲ್ಲ.

ಮೂರನೆಯ ಸಲ ಬಡ್ತಿ ಬಂದಾಗ ನನಗೆ ಐವತ್ತೆರಡು. ಹಾಕಿದ ಊರು ಮುಂಬೈ. ಹೂಂ ಎನ್ನುವುದಕ್ಕೋ ಊಹೂಂ ಎನ್ನುವುದಕ್ಕೋ ಹತ್ತು ದಿನ ಸಮಯ. ಈ ಸಲವೂ ಬೇಡವೆಂದರೆ ಮತ್ತೆ ಸರದಿ ಬರುವ ಹೊತ್ತಿಗೆ ನಾನು ನಿವೃತ್ತಿಯ ಹಾರ ಹಾಕಿಸಿಕೊಳ್ಳುತ್ತಿರುತ್ತೇನೆ. ಅಂದರೆ ಇದೇ ಕೊನೆಯದು.

ಕಾಲವೂ ಸರಿಯಿರಲಿಲ್ಲ. ಬನ್ನೇರುಘಟ್ಟ ರಸ್ತೆಯ ಕಂಪನಿಗಳು ವಾರಕ್ಕಿಷ್ಟು ಜನರನ್ನು ಮನೆಗೆ ಕಳಿಸುತ್ತಿದ್ದವು. ಇಟ್ಟಮಡುವಿನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಇಬ್ಬರು ಹುಡುಗಿಯರೂ ಕೆಲಸ ಹೋಗಿ ಊರಿಗೆ ಹೊರಟರು. ಹೋಗುವಾಗ ಒಂದು ಪೊರಕೆ, ಅರ್ಧ ಪ್ಯಾಕೆಟ್ ರವೆ ನನಗೆ ಕೊಟ್ಟು ಅತ್ತರು. ಆಮೇಲೆ ಗೇಟಿಗೆ ಕಟ್ಟಿದ ಟು ಲೆಟ್ ಬೋರ್ಡು ಬಿಸಿಲಿಗೆ ಬಣ್ಣ ಕಳೆದುಕೊಂಡಿತೇ ಹೊರತು ಮನೆ ಕೇಳಿಕೊಂಡು ಯಾರೂ ಬರಲಿಲ್ಲ.

ನನ್ನ ಗಂಡನ ಕೆಲಸವೂ ಹೋಗಿತ್ತು. ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಪರ್ಚೇಸ್ ವಿಭಾಗ ನೋಡಿಕೊಂಡವರು. ಆರ್ಡರ್ ಇಲ್ಲವೆಂದು ಒಂದು ಯೂನಿಟ್ ಮುಚ್ಚಿ, ಶಾಲು ಹೊದಿಸಿ ಕಳಿಸಿಬಿಟ್ಟರು. ಕಳಿಸಿದ ಮೇಲೂ ಅವರು ದಿನಾ ಏಳೂವರೆಗೆ ಇಸ್ತ್ರಿ ಶರ್ಟು ಹಾಕಿ, ಶೂ ಕಟ್ಟಿ, ಯಾರನ್ನೋ ನೋಡಬೇಕು ಎಂದು ಹೊರಡುತ್ತಿದ್ದರು. ಒಂದು ದಿನ ಸ್ಕೂಟರಿನಲ್ಲಿ ಬ್ಯಾಂಕಿಗೆ ಹೋಗುವಾಗ ನೋಡಿದೆ. ಪಾರ್ಕಿನ ಕಲ್ಲುಬೆಂಚಿನ ಮೇಲೆ, ಮಡಿಲಲ್ಲಿ ಫೈಲು ಇಟ್ಟುಕೊಂಡು, ಒಬ್ಬರೇ ಕೂತಿದ್ದರು. ನಾನು ನಿಲ್ಲಿಸಲಿಲ್ಲ. ಸಿಗ್ನಲ್‌ವರೆಗೂ ಅಳು ತಡೆದುಕೊಂಡು, ಸಿಗ್ನಲ್‌ನಲ್ಲಿ ಹೆಲ್ಮೆಟ್ ಒಳಗೇ ಅತ್ತೆ.

ಹೀಗಿರುವಾಗ ಮುಂಬೈ. ಎದುರು ಮನೆಯವರು ಇಟ್ಟಮಡು ಹಳ್ಳಿಯಾಗಿದ್ದಾಗಿನಿಂದ ಇರುವವರು, ಈಗ ನಾಲ್ಕು ಕಟ್ಟಡಗಳ ಮಾಲೀಕರು. ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿಕೊಂಡು ಕೇಳಿದರು.

"ಏನಕ್ಕಾ, ಸ್ವಂತ ಮನೆ ಬಿಟ್ಬಿಟ್ಟು ಬಾಡ್ಗೆ ಮನೆಗೋಗ್ತೀರಾ? ಅದೂ ಆ ಸೆಕೆಗೆ? ಇಂಥ ಟೈಮಲ್ಲಿ ಇದ್ದಲ್ಲೇ ಗಟ್ಟಿಯಾಗ್ ಕೂತ್ಕೋಬೇಕು ಕಣಕ್ಕಾ."

"ಇಪ್ಪತ್ತು ವರ್ಷ ಗಟ್ಟಿಯಾಗಿ ಕೂತಿದೀನಲ್ಲಣ್ಣ" ಎಂದೆ. ಅವರು ನಕ್ಕರು. ನಾನೇನೂ ತಮಾಷೆಗೆ ಹೇಳಿರಲಿಲ್ಲ.

ನನ್ನ ಗಂಡ ಬೇಡವೆಂದು ಒಂದು ಸಲವೂ ಹೇಳಲಿಲ್ಲ. ನಿನ್ನಿಷ್ಟ ಎಂದರು. ಆಮೇಲೆ ಗಂಟೆಗೊಂದು ಸಲ ಮೊಬೈಲಿನಲ್ಲಿ ಓದಿದ್ದನ್ನು ಗಾಳಿಗೆ ಹೇಳುವವರ ಹಾಗೆ ಹೇಳುತ್ತಿದ್ದರು. ಮುಂಬೈಯಲ್ಲಿ ಇವತ್ತು ಮೂವತ್ತೈದು ಡಿಗ್ರಿ. ಅಲ್ಲಿ ಲೋಕಲ್ ರೈಲಿನಲ್ಲಿ ಬಾಗಿಲಿಗೆ ನೇತಾಡಿಕೊಂಡೇ ಹೋಗಬೇಕಂತೆ. ಒಂದು ಬೆಡ್‌ರೂಮಿನ ಬಾಡಿಗೆ ಕೇಳಿದರೆ ತಲೆ ತಿರುಗುತ್ತದಂತೆ. ನಿನ್ನಿಷ್ಟ ಎನ್ನುವ ಮಾತಿಗೆ ಇಷ್ಟೊಂದು ಬಾಲ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ನನಗೆ ಬೇಕಾಗಿದ್ದದ್ದು ಮುಂಬೈ ಅಲ್ಲ. ಶಾಖೆಯಲ್ಲಿ ನನ್ನದು ಸಾಲದ ಮೇಜು. ಬಂದವರ ಅಂಗಡಿ ನೋಡಿ, ಕಾಗದ ನೋಡಿ, ಮುಖ ನೋಡಿ, ಸಾಲ ಕೊಡಬಹುದು ಎಂದು ಶಿಫಾರಸು ಬರೆದು ಮೇಲಕ್ಕೆ ಕಳಿಸುವುದಷ್ಟೇ ನನ್ನ ಕೆಲಸ. ಮಂಜೂರು ಎಂದು ಬರೆಯುವವರು ಬೇರೆ. ಆ ತಿಂಗಳು ಬನಶಂಕರಿಯಲ್ಲಿ ಕಾಂಡಿಮೆಂಟ್ಸ್ ಅಂಗಡಿ ನಡೆಸುವ ಹೆಂಗಸೊಬ್ಬರ ಅರ್ಜಿ ವಾಪಸ್ ಬಂದಿತ್ತು. ನಾನು ಎರಡು ಸಲ ಹೋಗಿ ನೋಡಿದ್ದ ಅಂಗಡಿ. ಚಕ್ಕುಲಿ, ಕೋಡುಬಳೆ ಮಧ್ಯಾಹ್ನದೊಳಗೆ ಖಾಲಿಯಾಗುತ್ತಿತ್ತು. ಮೇಲೆ ಕೂತವರು ಯಾರೋ, ಆ ರಸ್ತೆಯನ್ನೇ ಕಾಣದವರು, ಕಾಲ ಸರಿಯಿಲ್ಲ ಎಂದು ತಿರಸ್ಕರಿಸಿದ್ದರು. ಆಕೆಗೆ ಅದನ್ನು ಹೇಳಬೇಕಾದವಳು ನಾನು. "ನೀವು ಆಗತ್ತೆ ಅಂದಿದ್ರಲ್ಲಾ ಮೇಡಂ" ಎಂದು ಆಕೆ ಕೇಳಿದಾಗ ನಾನು ಅರ್ಜಿಯ ಕಾಗದಗಳನ್ನು ಜೋಡಿಸಿ ವಾಪಸ್ ಕೊಟ್ಟೆ. ಮುಂಬೈಯ ಹುದ್ದೆಯಲ್ಲಿ ಮಂಜೂರು ಎಂದು ಬರೆಯುವ ಕೈ ನನ್ನದಾಗುತ್ತಿತ್ತು. ಅದು ನನಗೆ ಬೇಕಿತ್ತು. ತುಂಬಾ ಬೇಕಿತ್ತು.

ಎರಡನೆಯ ಶನಿವಾರ ಬ್ಯಾಂಕಿಗೆ ರಜೆ. ಊರನ್ನು ನೋಡದೆ ಹೆದರುವುದಕ್ಕಿಂತ ನೋಡಿಯೇ ಹೆದರೋಣವೆಂದು ಒಬ್ಬಳೇ ವಿಮಾನ ಹತ್ತಿದೆ. ಒಬ್ಬಳೇ ಊರು ಬಿಟ್ಟು ಹೋಗಿದ್ದು ಅದೇ ಮೊದಲು, ಐವತ್ತೆರಡನೆಯ ವಯಸ್ಸಿನಲ್ಲಿ. ಬೋರಿವಲಿಯಲ್ಲಿ ಬ್ರೋಕರ್ ಒಬ್ಬ ಮೂರು ಮನೆ ತೋರಿಸಿದ. ಒಂದರ ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆರೆಯಬೇಕಾದರೆ ನಾನು ಹೊರಗೆ ಬರಬೇಕಿತ್ತು. ಇನ್ನೊಂದರಲ್ಲಿ ಸಮುದ್ರ ಕಾಣುತ್ತದೆ ಎಂದ. ಹೌದು, ಕಾಣುತ್ತಿತ್ತು. ಬಚ್ಚಲುಮನೆಯ ಕಿಟಕಿಯಿಂದ, ಬಕೆಟ್ ಮಗುಚಿ ಹಾಕಿ ಅದರ ಮೇಲೆ ಹತ್ತಿದರೆ. ಮೂರನೆಯದು ಎಲ್ಲ ಕಡೆಯಿಂದಲೂ ಬಿಸಿಲು ಬೀಳುವ ಮನೆ. ಇಷ್ಟೊಂದು ಬಿಸಿಲಿಗೆ ಬೇರೆ ದುಡ್ಡು ತಗೊಳ್ಳುವುದಿಲ್ಲ ಮೇಡಂ ಎಂದು ಅವನೇ ಹಿಂದಿಯಲ್ಲಿ ಹೇಳಿ ನಕ್ಕ. ಬಾಡಿಗೆ ಮಾತ್ರ ನಮ್ಮ ಇಟ್ಟಮಡುವಿನಲ್ಲಿ ಎರಡು ಮನೆ ಹಿಡಿಯುವಷ್ಟಿತ್ತು.

ಮಧ್ಯಾಹ್ನ ಸಮುದ್ರದ ದಂಡೆಯ ಗೋಡೆಯ ಮೇಲೆ ಕೂತೆ. ನೆತ್ತಿ ಸುಡುವ ಬಿಸಿಲು. ಚೂಡಿದಾರ್ ಬೆನ್ನಿಗೆ ಅಂಟಿತ್ತು, ಮೂಗು ಉರಿಯುತ್ತಿತ್ತು. ಬೆಂಗಳೂರಿನವರಾದ ನಮಗೆ ಹವೆಯದೊಂದು ಸೊಕ್ಕು ಇರುತ್ತದೆ, ಅದೆಲ್ಲ ಹತ್ತು ನಿಮಿಷದಲ್ಲಿ ಇಳಿಯಿತು. ಆದರೂ ಏಳಬೇಕೆನಿಸಲಿಲ್ಲ. ಎರಡು ವಡಾಪಾವ್ ತಿಂದೆ, ಮೂರನೆಯದನ್ನೂ ತೆಗೆದುಕೊಂಡೆ. ಊಟ ಆಯಿತಾ, ಯಾವಾಗ ಬರುತ್ತೀ, ಗ್ಯಾಸ್ ಆಫ್ ಮಾಡಿದೆಯಾ ಎಂದು ಯಾರೂ ಕೇಳದ ಎರಡು ಗಂಟೆ. ಸಂತೋಷವಾಯಿತು. ಸಂತೋಷವಾಗಿದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು. ಎದ್ದು ಹೊರಟಾಗ ಮನಸ್ಸಿನಲ್ಲಿ ಹೂಂ ಎಂದಾಗಿತ್ತು, ಬಾಯಲ್ಲಿ ಹೇಳುವುದಷ್ಟೇ ಬಾಕಿ.

ವಾಪಸ್ ಬಂದ ಮೇಲೆ ಮಗಳಿಗೆ ಫೋನ್ ಮಾಡಿದೆ. ಅವಳು ಬೀದರಿನಲ್ಲಿ ಪಶುವೈದ್ಯಕೀಯ ಓದುತ್ತಿದ್ದಾಳೆ, ಹಾಸ್ಟೆಲಿನಲ್ಲಿದ್ದಾಳೆ.

"ಹೋಗಮ್ಮಾ, ಸಖತ್ತಾಗಿರತ್ತೆ" ಎಂದಳು ಮೊದಲು. ಆಮೇಲೆ, "ಅಪ್ಪ ಏನಂದ್ರು?"

"ಅವರು ಬರಲ್ಲ."

"ಬರಲ್ಲ ಅಂದ್ರಾ? ಕೇಳಿದ್ಯಾ ನೀನು?"

ಕೇಳಿರಲಿಲ್ಲ. ಒಂಬತ್ತು ದಿನದಲ್ಲಿ ಮುಂಬೈಯ ನೀರು, ಬಾಡಿಗೆ, ರೈಲು ಎಲ್ಲದರ ಬಗ್ಗೆ ಮಾತಾಡಿದ್ದೆವು, ನೀವು ಬರುತ್ತೀರಾ ಎಂದು ನಾನು ಕೇಳಿರಲಿಲ್ಲ. ಕೇಳಿದರೆ ಅವರು ಇಲ್ಲ ಎಂದಾರು, ಇಲ್ಲ ಎಂದ ಮೇಲೆ ನಾನು ಎಂದಿನಂತೆ ಕೂತುಬಿಟ್ಟೇನು ಎಂಬ ಭಯ. ಭಯ ಅವರದಲ್ಲ, ನನ್ನದೇ.

ಕೊನೆಯ ದಿನ ಸೋಮವಾರ. ಭಾನುವಾರ ಬೆಳಿಗ್ಗೆ ಅಕ್ಕಿರೊಟ್ಟಿ ತಿಂದು ಕೈ ತೊಳೆಯುತ್ತಿದ್ದೆ. ಊಟದ ಮೇಜಿನಿಂದ ಅವರು ಕರೆದರು.

"ಬಾ ಇಲ್ಲಿ. ಡ್ರಾಫ್ಟ್ ರೆಡಿ ಇದೆ."

ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ಪತ್ರ ಬರೆದುಕೊಡಿ ಎಂದು ನಾನು ಹೇಳಿರಲಿಲ್ಲ. ಈ ಮನೆಯಲ್ಲಿ ಬಡ್ತಿ ಬಂದರೆ ಮುಂದೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು, ಅದನ್ನೇ ಮಾಡಿದ್ದರು. ಕೆಟ್ಟ ಮನಸ್ಸಿನಿಂದಲ್ಲ. ಮತ್ತೆ ಯಾವುದೋ ಕೆಲಸ ತಮ್ಮ ಕೈಗೆ ಸಿಕ್ಕಿತೆಂಬ ಕಳೆ ಅವರ ಮುಖದಲ್ಲಿತ್ತು. ಓದಿದೆ. ಗೌರವ, ಕೃತಜ್ಞತೆ, ವಿಷಾದ ಎಲ್ಲ ಸರಿಯಾದ ಜಾಗದಲ್ಲಿದ್ದವು. ನಡುವೆ ಒಂದು ಸಾಲಿನಲ್ಲಿ ಬರೀ ಚುಕ್ಕಿಗಳು.

"ಕಾರಣದ ಜಾಗ ಖಾಲಿ ಬಿಟ್ಟಿದೀನಿ" ಎಂದರು. "ಏನು ಹಾಕ್ಲಿ?"

"ನೀವೇ ಹೇಳಿ."

ಅವರು ಕನ್ನಡಕ ತೆಗೆದು ಒರೆಸಿದರು. ಮಾವ ಹೋಗಿ ಆರು ವರ್ಷ, ಅತ್ತೆ ಹೋಗಿ ಮೂರು. ಮಗಳು ಹಾಸ್ಟೆಲಿನಲ್ಲಿ. "ನಿನ್ನ ಶುಗರ್ ಅಂತ ಹಾಕೋಣ್ವಾ?"

"ಶುಗರ್ ಇರೋದು ನಿಮಗೆ ರೀ. ನನಗಿಲ್ಲ."

"ಸರಿ, ಹಾಗಾದ್ರೆ ಪತಿಯ ಅನಾರೋಗ್ಯ ಅಂತ..." ಎನ್ನುತ್ತಾ ಟೈಪ್ ಮಾಡಲು ಶುರುಮಾಡಿದರು. ಪತಿ ಎನ್ನುವವರೆಗೆ ಬೆರಳು ಓಡಿತು, ಆಮೇಲೆ ನಿಂತಿತು.

ನನಗೆ ಸಿಟ್ಟು ಬಂತು. ಅವರ ಮೇಲಷ್ಟೇ ಅಲ್ಲ, ಎರಡು ಸಲ ಮರುಮಾತಾಡದೆ ಸಹಿ ಹಾಕಿದ ನನ್ನ ಮೇಲೂ. ಕುರ್ಚಿ ಎಳೆದುಕೊಂಡು ಕೂತೆ.

"ನಾನು ಹೇಳ್ತೀನಿ, ಬರ್ಕೊಳ್ಳಿ. ನನ್ನ ಗಂಡನ ಕೆಲಸ ಹೋಗಿದೆ. ಹೆಂಡತಿ ಟ್ರಾನ್ಸ್‌ಫರ್ ಆದ ಊರಿಗೆ ಅವಳ ಹಿಂದೆ ಹೋಗೋಕೆ ಅವರಿಗೆ ನಾಚಿಕೆ. ಆದ್ದರಿಂದ ನನಗೆ ಬಡ್ತಿ ಬೇಡ. ಇದನ್ನ ನಿಮ್ಮ ಒಳ್ಳೇ ಇಂಗ್ಲಿಷಿನಲ್ಲಿ ಬರೀರಿ. ಬರೆದ್ರೆ ಈಗಲೇ ಸೈನ್ ಹಾಕ್ತೀನಿ, ಒಂದು ಮಾತೂ ಆಡಲ್ಲ."

ನಿಜವಾಗಿಯೂ ಹಾಕುತ್ತಿದ್ದೆ. ಅವರು ಬರೆದಿದ್ದರೆ ಕೊಟ್ಟ ಮಾತಿಗೆ ತಪ್ಪುತ್ತಿರಲಿಲ್ಲ. ಅವರ ಬೆರಳು ಕೀಬೋರ್ಡಿನ ಮೇಲೇ ಇತ್ತು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು, ದಂಟು, ಪಾಲಕ್, ಮೆಂತ್ಯ ಎಂದು. ಅವಳ ದನಿ ಮುಂದಿನ ತಿರುವು ದಾಟಿದ ಮೇಲೂ ಅವರು ಒಂದಕ್ಷರ ಒತ್ತಲಿಲ್ಲ.

"ಅಲ್ಲಿಗೆ ಬಂದು ನಾನು ಏನು ಮಾಡ್ಲಿ?" ಎಂದರು ಕೊನೆಗೆ. ಕೆಲಸ ಹೋದ ಮೇಲೆ ನನ್ನ ಹತ್ತಿರ ಅವರು ಆಡಿದ ಮೊದಲ ನಿಜವಾದ ಮಾತು ಅದು. 

 ಎದ್ದು ಅವರ ತಲೆ ನೇವರಿಸಿ, ಹೋಗಲಿ ಬಿಡಿ, ಇಲ್ಲೇ ಇರೋಣ ಎಂದುಬಿಡುವುದು ನನಗೆ ಅತ್ಯಂತ ಸುಲಭವಾದ ಕೆಲಸವಾಗಿತ್ತು. ಅದರಲ್ಲಿ ನನಗೆ ವರ್ಷಗಳ ಅನುಭವವಿದೆ. ಈ ಸಲ ಮಾಡಲಿಲ್ಲ.

"ಗೊತ್ತಿಲ್ಲ ರೀ" ಎಂದೆ. "ಪಾರ್ಕಲ್ಲಿ ಕೂರೋದಾದ್ರೆ ಅಲ್ಲೂ ಪಾರ್ಕಿದೆ. ನೀವು ಬಂದ್ರೆ ನನಗೆ ಸಂತೋಷ. ಬರದೇ ಇದ್ರೆ ಬೇಜಾರು, ತುಂಬಾ ಬೇಜಾರು. ಆದ್ರೆ ನಾನಂತೂ ಹೋಗ್ತೀನಿ."

ಪಾರ್ಕಿನ ವಿಷಯ ನನಗೆ ಗೊತ್ತಿದೆ ಎಂದು ಅವರಿಗೆ ಆಗಲೇ ತಿಳಿದದ್ದು. ನನ್ನ ಮುಖ ನೋಡಿದರು. ಚುಕ್ಕಿಗಳಿದ್ದ ಪತ್ರವನ್ನು ಪೂರ್ತಿ ಅಳಿಸಿದರು. ಆಮೇಲೆ, "ಒಪ್ಪಿಗೆ ಪತ್ರ ಬರೆದುಕೊಡ್ಲಾ?" ಎಂದರು.

"ಬೇಡ ರೀ. ನಾನೇ ಬರೀತೀನಿ."

ಬಿಳಿ ಹಾಳೆ ತೆಗೆದುಕೊಂಡು ಪೆನ್ನಿನಲ್ಲೇ ಬರೆದೆ. ಬಡ್ತಿಯನ್ನೂ ಹಾಕಿದ ಊರನ್ನೂ ಒಪ್ಪಿದ್ದೇನೆ, ಹೇಳಿದ ದಿನ ಹಾಜರಾಗುತ್ತೇನೆ. ಎರಡೇ ಸಾಲು. ಇಂಗ್ಲಿಷಿನಲ್ಲಿ ಬರೆದದ್ದನ್ನು ಅವರಿಗೆ ತೋರಿಸದೆ ಕೊಟ್ಟ ಅಭ್ಯಾಸವಿಲ್ಲದ್ದರಿಂದ ಅವರ ಮುಂದಿಟ್ಟೆ. ಅವರು ಓದಿದರು. ಹಾಳೆ ಮಗುಚಿ ಹಿಂದಿನ ಪುಟವನ್ನೂ ನೋಡಿದರು.

"ಇಷ್ಟೇನಾ? ಕಾರಣ ಬರೆದೇ ಇಲ್ವಲ್ಲ."

"ಹೋಗೋಕೆ ಕಾರಣ ಕೇಳಲ್ಲ ರೀ" ಎಂದೆ. "ಹೋಗದೇ ಇರೋಕೆ ಮಾತ್ರ ಕೇಳ್ತಾರೆ."

ಅವರು ಹಾಳೆಯನ್ನು ಇನ್ನೊಂದು ಸಲ ಓದಿದರು. ಜೇಬಿನಲ್ಲಿದ್ದ ಪೆನ್ನಿಗೆ ಕೈ ಹೋಯಿತು, ಹಾಗೇ ವಾಪಸ್ ಬಂತು. ಒಂದಕ್ಷರವನ್ನೂ ತಿದ್ದದೆ ನನ್ನ ಕೈಗೆ ಕೊಟ್ಟರು.

"ನಾನು ಬರ್ತೀನೋ ಇಲ್ವೋ ನನಗಿನ್ನೂ ಗೊತ್ತಿಲ್ಲ ಕಣೇ" ಎಂದರು.

"ಗೊತ್ತಾದಾಗ ಹೇಳಿ" ಎಂದೆ, ಸಹಿ ಹಾಕಿದೆ.